ವನ್ಯಜೀವಿ ಪತ್ರಕರ್ತರ ವೃತ್ತಿ, ಬದುಕು ಮತ್ತು ಪುಸ್ತಕ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನೆಲೆಸಿ, ಸುತ್ತಲಿನ ಕಾಡು ಮತ್ತು ಕಾಡಂಚಿನ ಊರುಗಳ ಬಗ್ಗೆ ಕನ್ನಡದಲ್ಲಿ ಬರೆಯುವ ನನ್ನನ್ನು ಪತ್ರಿಕೋದ್ಯಮದ ವಿದ್ಯಾರ್ಥಿಗಳು, ಯುವ ವರದಿಗಾರರು ಮತ್ತು ಓದುಗರು ಕೇಳುತ್ತಲೇ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೆಲವಕ್ಕೆ ಎರಡು ವಾಕ್ಯ ಸಾಕು, ಕೆಲವಕ್ಕೆ ಎರಡು ಪುಟವೂ ಸಾಲದು.

ವನ್ಯಜೀವಿ ಪತ್ರಕರ್ತ ಎಂದರೆ ಯಾರು? ಛಾಯಾಗ್ರಾಹಕರಿಗೂ ಸಂಶೋಧಕರಿಗೂ ಇವರಿಗೂ ಏನು ವ್ಯತ್ಯಾಸ?

ಸಂಶೋಧಕರು ಒಂದು ಪ್ರಶ್ನೆಯನ್ನು ಹಿಡಿದು, ಒಪ್ಪಿತ ವಿಧಾನದಲ್ಲಿ ಮಾಹಿತಿ ಸಂಗ್ರಹಿಸಿ, ತಮ್ಮ ಕ್ಷೇತ್ರದ ಇತರರ ಪರಿಶೀಲನೆಗೆ ಒಪ್ಪಿಸುತ್ತಾರೆ. ಛಾಯಾಗ್ರಾಹಕರಿಗೆ ಪ್ರಾಣಿ ಎದುರಿಗೆ ಬರಲೇಬೇಕು. ಪತ್ರಕರ್ತನಿಗೆ ಪ್ರಾಣಿ ಕಾಣದಿದ್ದರೂ ಕೆಲಸ ನಿಲ್ಲುವುದಿಲ್ಲ. ಆನೆ ಬಂದು ಹೋದ ರಾಗಿ ಹೊಲ, ಪರಿಹಾರದ ಅರ್ಜಿ, ಪಶುವೈದ್ಯರ ಶವಪರೀಕ್ಷೆಯ ವರದಿ, ಕಳ್ಳಬೇಟೆ ತಡೆ ಶಿಬಿರದ ಕಾವಲುಗಾರನಿಗೆ ಸಂಬಳ ಬಂತೋ ಇಲ್ಲವೋ ಎಂಬ ವಿಚಾರ, ಇವೆಲ್ಲವೂ ಅವನ ವಿಷಯವೇ. ಈ ಗಡಿಗಳನ್ನು ದಾಟಿದವರೂ ಇದ್ದಾರೆ. ಮೈಸೂರಿನವರೇ ಆದ ಕೃಪಾಕರ ಮತ್ತು ಸೇನಾನಿ ಕ್ಯಾಮೆರಾ ಹಿಡಿದು ಕಾಡಿಗೆ ಹೋದವರು, 1997ರಲ್ಲಿ ವೀರಪ್ಪನ್‌ನಿಂದ ಅಪಹರಣಕ್ಕೊಳಗಾಗಿ ಬಿಡುಗಡೆಯಾದವರು, ಆ ಅನುಭವವನ್ನು ಕನ್ನಡದಲ್ಲಿ ಪುಸ್ತಕವಾಗಿ ಬರೆದವರು.

ಈ ಕೆಲಸಕ್ಕೆ ಮೈಸೂರೇ ಏಕೆ?

ದೂರದ ಲೆಕ್ಕವೇ ಮೊದಲ ಕಾರಣ. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ ಎಂಬ ಮೂರು ಹುಲಿ ಸಂರಕ್ಷಿತ ಪ್ರದೇಶಗಳಿಗೆ ಇಲ್ಲಿಂದ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು. ಮಂಡ್ಯದ ಕಡೆ ತಿರುಗಿದರೆ ರಂಗನತಿಟ್ಟು, ಕೊಕ್ಕರೆ ಬೆಳ್ಳೂರು, ತೋಳಗಳಿಗಾಗಿ ಹೆಸರಾದ ಮೇಲುಕೋಟೆಯ ಅಭಯಾರಣ್ಯ, ಮಳವಳ್ಳಿಯ ಅಂಚಿಗೆ ಕಾವೇರಿ ವನ್ಯಜೀವಿಧಾಮ ಸಿಗುತ್ತವೆ. ಎರಡನೆಯ ಕಾರಣ ದಾಖಲೆ. ಇಲ್ಲಿನ ವನ್ಯಜೀವಿಗಳ ಬಗ್ಗೆ ಬರೆದಿಟ್ಟವರು ಒಂದೂವರೆ ಶತಮಾನದಿಂದ ಇದ್ದಾರೆ. 1870ರ ದಶಕದಲ್ಲಿ ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ (ಕಾಡಾನೆಗಳನ್ನು ಅಟ್ಟಿ ಹಿಡಿಯುವ ಕಾರ್ಯಾಚರಣೆ) ನಡೆಸಿದ ಬ್ರಿಟಿಷ್ ಅಧಿಕಾರಿ ಸ್ಯಾಂಡರ್ಸನ್ ತನ್ನ ಅನುಭವಗಳನ್ನು 1878ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿಯವರ ಮಾತಿನಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 1970ರ ದಶಕದಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ಬಂಡೀಪುರದಲ್ಲಿ ಕಾಡುನಾಯಿಗಳ ಬೆನ್ನು ಹತ್ತಿದರು. ವನ್ಯಜೀವಿ ಸಂಶೋಧನಾ ಸಂಸ್ಥೆಯಾದ ನೇಚರ್ ಕನ್ಸರ್ವೇಷನ್ ಫೌಂಡೇಷನ್ 1996ರಲ್ಲಿ ಹುಟ್ಟಿದ್ದೂ ಈ ಊರಿನಲ್ಲೇ. ಹೀಗಾಗಿ ಇಲ್ಲಿ ಬರೆಯುವವನು ಹಿಂದಿನವರ ಮಾತನ್ನು ಇಂದಿನ ನೆಲದ ಮೇಲೆ ನಿಂತು ತಾಳೆ ನೋಡಬಹುದು. ರಾಜ್ಯದ ಎಲ್ಲ ಜಿಲ್ಲೆಗಳಿಗೂ ಆ ಅನುಕೂಲವಿಲ್ಲ.

ಏನು ಓದಿರಬೇಕು?

ಇದೇ ಪದವಿ ಬೇಕು ಎಂಬ ನಿಯಮವಿಲ್ಲ. ಪತ್ರಿಕೋದ್ಯಮ ಓದಬೇಕೆನ್ನುವವರಿಗೆ ಮೈಸೂರಿನಲ್ಲಿ ಹಳೆಯ ಪರಂಪರೆಯೇ ಇದೆ. ಮಹಾರಾಜ ಕಾಲೇಜಿನಲ್ಲಿ 1951ರಲ್ಲೇ ನಾಡಿಗ ಕೃಷ್ಣಮೂರ್ತಿಯವರು ಈ ವಿಷಯದ ಬೋಧನೆಗೆ ಅಡಿಪಾಯ ಹಾಕಿದರು. ಪ್ರಾಣಿಶಾಸ್ತ್ರ, ಅರಣ್ಯಶಾಸ್ತ್ರ, ಕೃಷಿ ಓದಿದವರೂ ಬರುತ್ತಾರೆ. ನನ್ನ ಅನುಭವದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಪ್ರಾಥಮಿಕ ಸಂಖ್ಯಾಶಾಸ್ತ್ರ ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ತಾನೇ ಓದಿ ಅರ್ಥಮಾಡಿಕೊಳ್ಳುವ ತಾಳ್ಮೆ. ಕಾಯ್ದೆಯ ಜತೆಗೆ 2006ರ ಅರಣ್ಯ ಹಕ್ಕು ಕಾಯ್ದೆಯನ್ನೂ ಓದದೆ ಹಾಡಿಗಳ (ಕಾಡಿನ ಬುಡಕಟ್ಟು ಜನರ ವಸತಿಗಳ) ಬಗ್ಗೆ ಬರೆಯಲು ಹೊರಡಬಾರದು.

ದಿನವಿಡೀ ಕಾಡಿನಲ್ಲೇ ಇರುತ್ತೀರಾ?

ಇಲ್ಲ. ಅಭಯಾರಣ್ಯದೊಳಗೆ ಯಾರು ಪ್ರವೇಶಿಸಬಹುದು ಎಂಬುದನ್ನು ಕಾಯ್ದೆಯ 27ನೇ ಸೆಕ್ಷನ್ ನಿರ್ಬಂಧಿಸುತ್ತದೆ. ಅಧ್ಯಯನ, ಛಾಯಾಗ್ರಹಣ, ಪ್ರವಾಸದಂಥ ಉದ್ದೇಶಗಳಿಗೆ ಅನುಮತಿ ಕೊಡುವ ಬಗೆಯನ್ನು 28ನೇ ಸೆಕ್ಷನ್ ಹೇಳುತ್ತದೆ. ಪತ್ರಿಕೆಯ ಗುರುತಿನ ಚೀಟಿ ಅನುಮತಿಪತ್ರವಲ್ಲ. ಕೆಲಸದ ಬಹುಪಾಲು ಹೆಗ್ಗಡದೇವನಕೋಟೆ, ಸರಗೂರು, ಗುಂಡ್ಲುಪೇಟೆಯ ಕಾಡಂಚಿನ ಹಳ್ಳಿಗಳಲ್ಲಿ, ವಲಯ ಕಚೇರಿಗಳ ಪಡಸಾಲೆಯಲ್ಲಿ, ನ್ಯಾಯಾಲಯದ ಆದೇಶಗಳ ಪುಟಗಳಲ್ಲಿ ನಡೆಯುತ್ತದೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ಜಾರಿಯಲ್ಲಿರುವ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿರ್ಬಂಧದ ಕತೆಯನ್ನೇ ತೆಗೆದುಕೊಳ್ಳಿ. ಅದರ ಮುಖ್ಯ ಘಟನೆಗಳೆಲ್ಲ ಜಿಲ್ಲಾಧಿಕಾರಿ ಕಚೇರಿ, ಹೈಕೋರ್ಟ್, ಸುಪ್ರೀಂ ಕೋರ್ಟ್‌ಗಳಲ್ಲಿ ನಡೆದವು. ಅದನ್ನು ಬರೆಯಲು ಒಂದು ಜಿಂಕೆಯನ್ನೂ ನೋಡಬೇಕಾಗಿರಲಿಲ್ಲ.

ಚಿರತೆ ಅಥವಾ ಆನೆ ದಾಳಿಯನ್ನು ವರದಿ ಮಾಡುವಾಗ ಏನನ್ನು ಗಮನಿಸುತ್ತೀರಿ?

ನನಗೆ ಅತಿ ಹೆಚ್ಚು ಬಾರಿ ಬರುವ ಪ್ರಶ್ನೆ ಇದು, ಉತ್ತರವೂ ದೀರ್ಘ. 2022ರ ಕೊನೆ ಮತ್ತು 2023ರ ಆರಂಭದ ನಡುವೆ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಅದೇ ಅವಧಿಯಲ್ಲಿ ಚಿರತೆ ಕಾಣಿಸಿಕೊಂಡಿತೆಂದು ಕೆಆರ್‌ಎಸ್‌ನ ಬೃಂದಾವನವನ್ನೂ ಪ್ರವಾಸಿಗರಿಗೆ ಮುಚ್ಚಲಾಗಿತ್ತು. ಎರಡೂ ಸುದ್ದಿಗಳು ಒಂದೇ ಪುಟದಲ್ಲಿ, ಒಂದೇ ಧಾಟಿಯಲ್ಲಿ ಬಂದವು. ಆದರೆ ಚಿರತೆ ಇರುವುದು ಬೇರೆ, ಚಿರತೆ ಮನುಷ್ಯನ ಮೇಲೆ ಎರಗುವುದು ಬೇರೆ. ಮಂಡ್ಯ ಮತ್ತು ಮೈಸೂರಿನ ನೀರಾವರಿ ಪ್ರದೇಶದಲ್ಲಿ ಚಿರತೆಗಳು ಕಬ್ಬಿನ ಗದ್ದೆಯಲ್ಲೇ ಮರಿ ಹಾಕುತ್ತವೆ, ನಾಯಿ, ಕುರಿ, ಹಂದಿಗಳನ್ನು ತಿಂದು ಬಹುಕಾಲ ಯಾರ ಕಣ್ಣಿಗೂ ಬೀಳದೆ ಬದುಕುತ್ತವೆ. ಕಟಾವಿನ ಹೊತ್ತಿಗೆ ಮರಿಗಳು ಸಿಕ್ಕಾಗ ತಾಯಿ ಬಿಟ್ಟುಹೋಗಿದೆ ಎಂದು ಬರೆಯುವುದು ರೂಢಿಯಾಗಿದೆ. ನಿಜದಲ್ಲಿ ತಾಯಿ ಹತ್ತಿರದಲ್ಲೇ ಇರುತ್ತದೆ. ಮರಿಗಳನ್ನು ಅಲ್ಲೇ ಇಟ್ಟು ಜನ ದೂರ ಸರಿದರೆ ರಾತ್ರಿ ಬಂದು ಕೊಂಡೊಯ್ಯುವ ಸಾಧ್ಯತೆಯೇ ಹೆಚ್ಚು.

ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಡಿ ಎಂಬುದು ಪ್ರತಿ ಊರಿನ ಬೇಡಿಕೆ. ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ ವಿದ್ಯಾ ಅತ್ರೇಯ ಅವರು ನಡೆಸಿದ ಅಧ್ಯಯನ ಈ ಪರಿಹಾರದ ಇನ್ನೊಂದು ಮುಖವನ್ನು ತೋರಿಸಿತು: ಚಿರತೆಗಳನ್ನು ಹೀಗೆ ಸ್ಥಳಾಂತರಿಸಿದ ನಂತರ ಮನುಷ್ಯರ ಮೇಲಿನ ದಾಳಿಗಳು ಕಡಿಮೆಯಾಗುವ ಬದಲು ಹೆಚ್ಚಿದ್ದವು. ಆದ್ದರಿಂದ ಬೋನಿಗೆ ಬಿದ್ದ ಚಿರತೆಯ ಚಿತ್ರದೊಂದಿಗೆ ಸುದ್ದಿ ಮುಗಿಯಬಾರದು. ಬಿದ್ದದ್ದು ದಾಳಿ ಮಾಡಿದ ಚಿರತೆಯೇ? ಅದನ್ನು ಎಲ್ಲಿಗೆ ಒಯ್ದರು? ಸತ್ತವರು ಯಾವ ಹೊತ್ತಿನಲ್ಲಿ, ಯಾವ ಕೆಲಸಕ್ಕೆ, ಏಕೆ ಒಬ್ಬರೇ ಹೊರಗಿದ್ದರು? ಮನೆಯಲ್ಲಿ ಶೌಚಾಲಯವಿತ್ತೇ, ಬೀದಿದೀಪವಿತ್ತೇ? ಇವು ಗ್ರಾಮ ಪಂಚಾಯಿತಿಯನ್ನು ಕೇಳಬೇಕಾದ ಪ್ರಶ್ನೆಗಳು, ಕೇಳುವವರು ಕಡಿಮೆ.

ಆನೆಯ ವಿಷಯದಲ್ಲೂ ಅಷ್ಟೇ. 1980ರ ದಶಕದ ಆರಂಭದಲ್ಲಿ ಚಾಮರಾಜನಗರ ಮತ್ತು ಸತ್ಯಮಂಗಲದ ಸೀಮೆಯಲ್ಲಿ ಅಧ್ಯಯನ ಮಾಡಿದ ಆರ್. ಸುಕುಮಾರ್, ಬೆಳೆಗೆ ನುಗ್ಗುವುದರಲ್ಲಿ ಹೆಣ್ಣಾನೆಗಳ ಹಿಂಡಿಗಿಂತ ಪ್ರಾಯದ ಗಂಡಾನೆಗಳದೇ ಮೇಲುಗೈ ಎಂದು ತೋರಿಸಿದರು. ರಾಗಿ ತೆನೆ ಕಟ್ಟುವ ಕಾಲಕ್ಕೆ ದಾಳಿ ಹೆಚ್ಚುವುದು ಕಾಡಿನಲ್ಲಿ ಮೇವಿಲ್ಲದ ಕಾರಣಕ್ಕಷ್ಟೇ ಅಲ್ಲ. ತೆನೆಯ ಪೌಷ್ಟಿಕಾಂಶಕ್ಕಾಗಿ ಗಂಡಾನೆ ಅಪಾಯವನ್ನೂ ಲೆಕ್ಕಿಸುವುದಿಲ್ಲ. ಕಾಡಿನಲ್ಲಿ ನೀರಿಲ್ಲ, ಆಹಾರವಿಲ್ಲ, ಅದಕ್ಕೇ ಊರಿಗೆ ಬರುತ್ತಿವೆ ಎಂಬ ಸಿದ್ಧ ವಾಕ್ಯವನ್ನು ವರದಿಗಾರರು ಮಳೆಗಾಲದ ನಡುವೆಯೂ ಬರೆಯುವುದನ್ನು ನೋಡಿದ್ದೇನೆ. ಇದರ ಜತೆಗೊಂದು ಮಾತು: ದಸರಾ ಹತ್ತಿರವಾದಾಗ ಗಜಪಡೆಯ ತೂಕ, ಸ್ನಾನ, ಊಟಕ್ಕೆ ದಿನವೂ ಅರ್ಧ ಪುಟ ಮೀಸಲಿಡುವ ನಮ್ಮೂರಿನ ಪತ್ರಿಕೆಗಳು, ಅದೇ ತಿಂಗಳಲ್ಲಿ ಕಾಡಾನೆ ತುಳಿದ ಹೊಲದ ಸುದ್ದಿಗೆ ಮೂಲೆಯಲ್ಲಿ ನಾಲ್ಕು ಸಾಲು ಕೊಡುತ್ತವೆ.

ಹುಲಿಗಳ ಸಂಖ್ಯೆಯನ್ನು ಪತ್ರಿಕೆಗಳು ಏಕೆ ಬೇರೆ ಬೇರೆಯಾಗಿ ಬರೆಯುತ್ತವೆ?

2023ರ ಏಪ್ರಿಲ್ 9ರಂದು, ಹುಲಿ ಯೋಜನೆಗೆ ಐವತ್ತು ವರ್ಷ ತುಂಬಿದ ಸಮಾರಂಭದಲ್ಲಿ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಪ್ರಧಾನಮಂತ್ರಿಯವರು ದೇಶದ ಹುಲಿಗಳ ಸಂಖ್ಯೆ 3,167 ಎಂದು ಪ್ರಕಟಿಸಿದರು. ಅದೇ ಜುಲೈ ಕೊನೆಯಲ್ಲಿ ಬಂದ ವರದಿ 3,682 ಎಂದಿತು. ಮೂರೂವರೆ ತಿಂಗಳಲ್ಲಿ ಐನೂರು ಹುಲಿ ಹುಟ್ಟಿದವೇ ಎಂದು ಹಲವರು ನನ್ನನ್ನು ಕೇಳಿದರು. ಮೊದಲನೆಯದು ಕನಿಷ್ಠ ಸಂಖ್ಯೆ. ಎರಡನೆಯದು ಸರಾಸರಿ ಅಂದಾಜು. ಗರಿಷ್ಠ ಮಿತಿ 3,925. ಮೂರೂ ಒಂದೇ ಸಮೀಕ್ಷೆಯ ಫಲ. ಶೀರ್ಷಿಕೆಯಲ್ಲಿ ಒಂದೇ ಅಂಕಿಗೆ ಜಾಗವಿರುವುದರಿಂದ ಈ ಗೊಂದಲ ಹುಟ್ಟುತ್ತದೆ.

ಅಂದಾಜಿನ ವಿಧಾನಕ್ಕೂ ನಮ್ಮ ಸೀಮೆಗೂ ನಂಟಿದೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ಒಂದೇ ಹುಲಿಯ ಎಡ ಮತ್ತು ಬಲ ಮಗ್ಗುಲ ಪಟ್ಟೆಗಳೂ ಬೇರೆ ಬೇರೆ. ಅದಕ್ಕಾಗಿ ಕಾಡಿನ ದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ಕಟ್ಟುತ್ತಾರೆ. ಒಮ್ಮೆ ಚಿತ್ರಕ್ಕೆ ಸಿಕ್ಕ ಹುಲಿಗಳು ಮತ್ತೆ ಎಷ್ಟು ಸಲ ಸಿಗುತ್ತವೆ ಎಂಬುದರಿಂದ, ಚಿತ್ರಕ್ಕೆ ಸಿಗದೇ ಉಳಿದವು ಎಷ್ಟಿರಬಹುದೆಂದು ಲೆಕ್ಕ ಹಾಕಲಾಗುತ್ತದೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಈ ಕ್ರಮವನ್ನು ಹುಲಿಗಳಿಗೆ ಅನ್ವಯಿಸಿ 1995ರಲ್ಲಿ ಪ್ರಕಟಿಸಿದರು. ಆಗಿನ್ನೂ ಹೆಜ್ಜೆಗುರುತುಗಳನ್ನು ಎಣಿಸುವ ಪದ್ಧತಿಯೇ ಸರ್ಕಾರಿ ಗಣತಿಯಾಗಿತ್ತು. 2022ರ ಸಮೀಕ್ಷೆ ಕರ್ನಾಟಕದಲ್ಲಿ 563 ಹುಲಿಗಳನ್ನು ಅಂದಾಜಿಸಿದೆ. 2018ರಲ್ಲಿ ಅದು 524 ಇತ್ತು. ಈ ಎರಡು ಅಂಕಿಗಳನ್ನು ಬರೆಯುವ ವರದಿಗಾರ ಅಂದಾಜಿನ ಮೇಲಿನ ಮತ್ತು ಕೆಳಗಿನ ಮಿತಿಗಳನ್ನೂ ಹೇಳದಿದ್ದರೆ ಏರಿಕೆಯೆಷ್ಟು ನಿಜ, ಸಮೀಕ್ಷೆಯ ವ್ಯಾಪ್ತಿ ಹಿಗ್ಗಿದ್ದರಿಂದ ಆದದ್ದೆಷ್ಟು ಎಂದು ಓದುಗನಿಗೆ ತಿಳಿಯುವುದಿಲ್ಲ.

ಒಂದು ವರದಿಯಿಂದ ಏನಾದರೂ ಬದಲಾಗಿದೆಯೇ?

ಸಾಮಾನ್ಯವಾಗಿ ಆಗುವುದಿಲ್ಲ. ಆದ ಉದಾಹರಣೆಯೊಂದಿದೆ. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳೇ ಉಳಿದಿಲ್ಲವೆಂಬ ಸಂಗತಿಯನ್ನು 2005ರ ಆರಂಭದಲ್ಲಿ ಬಯಲಿಗೆ ತಂದವರು ಜಯ್ ಮಜೂಮ್ದಾರ್ ಎಂಬ ಪತ್ರಕರ್ತ. ಕಾಗದದ ಗಣತಿಯಲ್ಲಿ ಹುಲಿಗಳಿದ್ದವು, ಕಾಡಿನಲ್ಲಿರಲಿಲ್ಲ. ಸಿಬಿಐ ತನಿಖೆ ನಡೆಯಿತು, ಅದೇ ವರ್ಷ ಸುನೀತಾ ನಾರಾಯಣ್ ಅಧ್ಯಕ್ಷತೆಯಲ್ಲಿ ಹುಲಿ ಕಾರ್ಯಪಡೆ ರಚನೆಯಾಯಿತು, 2006ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಬಂತು, ಹೆಜ್ಜೆಗುರುತಿನ ಗಣತಿ ಮೂಲೆಗೆ ಸೇರಿತು. ಬಂಡೀಪುರದ ಮರಕ್ಕೆ ಇಂದು ಕಟ್ಟಿರುವ ಕ್ಯಾಮೆರಾಕ್ಕೂ ಆ ವರದಿಗೂ ಸಂಬಂಧವಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಇಲ್ಲಿನದೇ ಇನ್ನೊಂದು ಪ್ರಕರಣ: 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷವಿಟ್ಟ ಹಸುವಿನ ಮಾಂಸ ತಿಂದು ಸತ್ತವು. ಆರೋಪಿಗಳ ಬಂಧನವಾದ ದಿನಕ್ಕೆ ಅನೇಕ ವರದಿಗಾರರು ಕೈ ತೊಳೆದುಕೊಂಡರು. ಹಸು ಕಳೆದುಕೊಂಡವರಿಗೆ ಪರಿಹಾರ ಎಷ್ಟು ದಿನಕ್ಕೆ ಸಿಗುತ್ತದೆ, ಗಸ್ತು ತಿರುಗಬೇಕಾದ ಗುತ್ತಿಗೆ ಸಿಬ್ಬಂದಿಗೆ ವೇತನ ಬಾಕಿ ಏಕಿತ್ತು ಎಂದು ಮುಂದೆ ಕೇಳಿದ ವರದಿಗಳೇ ನನಗೆ ಮುಖ್ಯವೆನಿಸಿದವು.

ಸಾಮಾಜಿಕ ಜಾಲತಾಣದಲ್ಲಿ ಬರುವ ಚಿತ್ರ, ವಿಡಿಯೊಗಳನ್ನು ನಂಬಬಹುದೇ?

2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ಸುಟ್ಟು ಕರಕಲಾದ ಪ್ರಾಣಿಗಳ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಅವುಗಳಲ್ಲಿ ಹಲವು ಬೇರೆ ದೇಶಗಳ, ಬೇರೆ ವರ್ಷಗಳ ಚಿತ್ರಗಳು. ಚಿತ್ರದಲ್ಲಿರುವ ಮರ, ಹುಲ್ಲು, ಮಣ್ಣಿನ ಬಣ್ಣ ನಮ್ಮ ಕಾಡಿನವೇ ಎಂದು ನೋಡುವುದು, ಮೂಲ ಕಳುಹಿಸಿದವರನ್ನು ಪತ್ತೆ ಹಚ್ಚುವುದು, ಆ ವಲಯದ ಒಬ್ಬರಿಗಾದರೂ ಫೋನ್ ಮಾಡುವುದು, ಇಷ್ಟನ್ನು ಮಾಡದೆ ಪ್ರಕಟಿಸಬಾರದು.

ಪತ್ರಿಕೆಯ ಬರಹ ಪುಸ್ತಕವಾಗುವುದು ಯಾವಾಗ?

ಲೇಖನಗಳನ್ನು ಹೊಲಿದು ರಟ್ಟು ಹಾಕಿದರೆ ಸಂಕಲನವಾಗುತ್ತದೆ, ಅದಕ್ಕೂ ಓದುಗರಿದ್ದಾರೆ. ನಾನು ಸೃಜನೇತರ (ಕಟ್ಟುಕತೆಯಲ್ಲದ) ಪುಸ್ತಕ ಎನ್ನುವುದು ಬೇರೆ ಬಗೆಯದನ್ನು. ಒಂದೇ ಜಾಗಕ್ಕೆ ವರ್ಷಗಟ್ಟಲೆ ಮರಳಿ ಹೋದಾಗ ದಿನಪತ್ರಿಕೆಗೆ ಕಾಣದ ಕಾಲದ ಉದ್ದ ಕಾಣತೊಡಗುತ್ತದೆ; ಪುಸ್ತಕ ಹುಟ್ಟುವುದು ಅಲ್ಲಿ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಿ. ಪತ್ರಿಕೆಗೆ ಅದು ಪ್ರತಿ ವರ್ಷದ ಒಂದು ಚಿತ್ರ: ಊರಿನ ಹುಣಸೆ ಮರದ ಮೇಲೆ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆ. ಕಾಲದ ಉದ್ದಕ್ಕೆ ನೋಡಿದರೆ ಅಲ್ಲಿ ಹಕ್ಕಿಯ ಹಿಕ್ಕೆಯನ್ನು ಗೊಬ್ಬರವಾಗಿ ಬಳಸಿದ ರೈತರಿದ್ದಾರೆ, 1976ರಲ್ಲಿ ಆ ಗೂಡುಗಳನ್ನು ದಾಖಲಿಸಿ ಹೊರಜಗತ್ತಿಗೆ ತಿಳಿಸಿದ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಇದ್ದಾರೆ, ಗೂಡಿರುವ ಮರವನ್ನು ಕಡಿಯದ ಮಾಲೀಕರಿಗೆ ಇಲಾಖೆ ಕೊಡುವ ಹಣವಿದೆ, ಆ ಹಣ ಹುಣಸೆಯ ಫಸಲಿಗೆ ಸಮವೇ ಎಂಬ ಮನೆಮನೆಯ ಲೆಕ್ಕವಿದೆ, 2007ರಲ್ಲಿ ಬಂದ ಸಮುದಾಯ ಮೀಸಲು ಪ್ರದೇಶದ ಘೋಷಣೆಯಿದೆ, 2017–18ರಲ್ಲಿ ಪರಾವಲಂಬಿ ಹುಳುಗಳ ಬಾಧೆಯಿಂದ ಸತ್ತ ಹೆಜ್ಜಾರ್ಲೆಗಳಿವೆ. ಆ ಹುಳುಗಳು ಹಕ್ಕಿಗೆ ಸೇರುವುದು ಮೀನಿನ ಮೂಲಕ, ಮೀನು ಕೆರೆಯದು, ಕೆರೆಯ ನೀರು ಎಲ್ಲಿಂದ ಬಂತು ಎಂದು ಹುಡುಕಹೊರಟರೆ ಶಿಂಷಾ ನದಿಯ ಇಡೀ ಜಲಾನಯನವೇ ಕತೆಯೊಳಗೆ ಬರುತ್ತದೆ. ಇಷ್ಟನ್ನು ಎಂಟುನೂರು ಪದಗಳ ಲೇಖನದಲ್ಲಿ ಹಿಡಿಸಲಾಗದು.

ಅಂಕಣವೂ ಪುಸ್ತಕಕ್ಕೆ ದಾರಿಯೇ. ಮದ್ರಾಸಿನ ಎಂ. ಕೃಷ್ಣನ್ 1950ರಿಂದ 1996ರಲ್ಲಿ ತೀರಿಕೊಳ್ಳುವವರೆಗೂ ಕಲ್ಕತ್ತಾದ ಸ್ಟೇಟ್ಸ್‌ಮನ್ ಪತ್ರಿಕೆಗೆ ನಿಸರ್ಗದ ಅಂಕಣ ಬರೆದರು. ಅಳಿಲು, ಕಾಗೆ, ಬೀದಿಯ ಮರ ಅವರಿಗೆ ಹುಲಿಯಷ್ಟೇ ಯೋಗ್ಯ ವಿಷಯಗಳಾಗಿದ್ದವು.

ಕನ್ನಡದಲ್ಲಿ ಬರೆದರೆ ಓದುಗರಿದ್ದಾರೆಯೇ? ಇಂಗ್ಲಿಷ್‌ನಲ್ಲಿ ಬರೆಯುವುದು ಲಾಭವಲ್ಲವೇ?

ಹಣದ ದೃಷ್ಟಿಯಿಂದ ಇಂಗ್ಲಿಷ್ ಲಾಭವೇ. ಆದರೆ ಕನ್ನಡದಲ್ಲಿ ನಿಸರ್ಗ ಬರಹ ಬಡವಾಗಿಲ್ಲ. ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರು ಸಸ್ಯಗಳ ಸುತ್ತ ಬರೆದ ಕೃತಿಗೆ 1978ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಶಿವರಾಮ ಕಾರಂತರು ವಿಜ್ಞಾನವನ್ನು ಮಕ್ಕಳಿಗೂ ದೊಡ್ಡವರಿಗೂ ಬರೆದರು. ಪೂರ್ಣಚಂದ್ರ ತೇಜಸ್ವಿಯವರಿಂದಾಗಿ ಒಂದು ತಲೆಮಾರು ಹಕ್ಕಿ ನೋಡಲು ಕಲಿಯಿತು. ಅದಕ್ಕಿಂತ ಹತ್ತಿರದ ಕಾರಣವೊಂದಿದೆ. ಗುಂಡ್ಲುಪೇಟೆಯ ರೈತ, ವಲಯ ಅರಣ್ಯಾಧಿಕಾರಿ, ತಾಲ್ಲೂಕು ಪಂಚಾಯಿತಿಯ ಸದಸ್ಯ, ಸ್ಥಳೀಯ ಶಾಸಕ ಮುಂಜಾನೆ ಓದುವುದು ಕನ್ನಡ ಪತ್ರಿಕೆಯನ್ನು. ಮನುಷ್ಯ ಮತ್ತು ವನ್ಯಜೀವಿಗಳ ಸಂಘರ್ಷದ ಬಗ್ಗೆ ನಿರ್ಧಾರ ಕೈಗೊಳ್ಳುವವರೂ ಅದರ ಫಲ ಉಣ್ಣುವವರೂ ಅವರೇ. ಬೇರೆ ಭಾಷೆಯಲ್ಲಿ ಬಂದ ಬರಹ ದೆಹಲಿಯನ್ನು ಮುಟ್ಟಬಹುದು, ಓಂಕಾರ ವಲಯದ ಅಂಚಿನ ಊರನ್ನು ಮುಟ್ಟುವುದಿಲ್ಲ.

ಹಾಡಿಯ ಜನರ ತಿಳಿವಳಿಕೆಯನ್ನು ಹೇಗೆ ಬಳಸುತ್ತೀರಿ?

ಜೇನು ಕುರುಬರು, ಬೆಟ್ಟ ಕುರುಬರು, ಸೋಲಿಗರು ಕಾಡಿನ ಬಗ್ಗೆ ತಿಳಿದಿರುವುದನ್ನು ಸಂಶೋಧಕರೂ ಪತ್ರಕರ್ತರೂ ಧಾರಾಳವಾಗಿ ಪಡೆದಿದ್ದಾರೆ, ಆದರೆ ಹೆಸರು ಹಾಕಿ ಕೃತಜ್ಞತೆ ಹೇಳಿದ್ದು ಕಡಿಮೆ. ಸುದ್ದಿಯಲ್ಲಿ ವಿಜ್ಞಾನಿಗೆ ಹೆಸರು, ಪದನಾಮ ಎರಡೂ ಇರುತ್ತವೆ. ದಾರಿ ತೋರಿಸಿದವನು ‘ಸ್ಥಳೀಯರೊಬ್ಬರು’ ಆಗುತ್ತಾನೆ. ಅವರು ಒಪ್ಪಿದರೆ ಹೆಸರು ಹಾಕಬೇಕು. ಅರಣ್ಯ ಇಲಾಖೆಯ ದಿನಗೂಲಿಯನ್ನೇ ನಂಬಿದವರಿಗೆ ಹೆಸರು ಬಂದರೆ ಕೆಲಸಕ್ಕೆ ಕುತ್ತು ಬರಬಹುದಾದ್ದರಿಂದ ಒಪ್ಪಿಗೆ ಕೇಳುವುದು ಕೇವಲ ಶಿಷ್ಟಾಚಾರವಲ್ಲ. ಕಬಿನಿ ಜಲಾಶಯದಿಂದ, ರಾಷ್ಟ್ರೀಯ ಉದ್ಯಾನದಿಂದ, ಪುನರ್ವಸತಿಯಿಂದ ಜಾಗ ಬಿಟ್ಟವರ ಕತೆಯನ್ನು ಬರೆಯದೆ ನಾಗರಹೊಳೆಯ ಚರಿತ್ರೆ ಬರೆದರೆ ಅದು ಪ್ರವಾಸಿ ಕೈಪಿಡಿಯಷ್ಟೇ ಆಗುತ್ತದೆ.

ಇದರಿಂದ ಸಂಸಾರ ನಡೆಯುತ್ತದೆಯೇ?

ಬರೀ ಇದರಿಂದ ನಡೆಯುವುದು ಕಷ್ಟ. ಕನ್ನಡ ಪತ್ರಿಕೆಗಳಲ್ಲಿ ವನ್ಯಜೀವಿಗೆಂದೇ ಪ್ರತ್ಯೇಕ ವರದಿಗಾರ ಹುದ್ದೆ ವಿರಳ. ಜಿಲ್ಲಾ ವರದಿಗಾರನೇ ಅಪರಾಧ, ರಾಜಕೀಯ, ಕೃಷಿಯ ಜತೆಗೆ ಇದನ್ನೂ ನೋಡಿಕೊಳ್ಳಬೇಕು. ಹವ್ಯಾಸಿ ಬರಹಗಾರರಿಗೆ ಸಂಭಾವನೆ ತಡವಾಗಿ ಬರುತ್ತದೆ, ಕೆಲವೊಮ್ಮೆ ಪೆಟ್ರೋಲ್ ಖರ್ಚಿಗೂ ಸಾಲದು. ಪುಸ್ತಕಕ್ಕೆ ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಶೇ 10ರ ಆಸುಪಾಸಿನಲ್ಲಿರುತ್ತದೆ, ಮೊದಲ ಮುದ್ರಣ ಸಾವಿರ ಪ್ರತಿ ದಾಟುವುದು ಅಪರೂಪ. ಸಾರ್ವಜನಿಕ ಗ್ರಂಥಾಲಯಗಳ ಸಗಟು ಖರೀದಿಯನ್ನು ಪ್ರಕಾಶಕರು ನೆಚ್ಚಿಕೊಂಡಿರುತ್ತಾರೆ. ನನಗೆ ತಿಳಿದವರಲ್ಲಿ ಹೆಚ್ಚಿನವರು ಅನುವಾದ, ಬೋಧನೆ, ಸಾಕ್ಷ್ಯಚಿತ್ರಗಳಿಗೆ ಬರವಣಿಗೆ, ಇಲ್ಲವೇ ಹೊಲಮನೆಯ ಆದಾಯದ ಆಸರೆಯಲ್ಲಿ ಇದನ್ನು ಮುಂದುವರಿಸಿದ್ದಾರೆ. ರೆಸಾರ್ಟ್‌ಗಳ ಆತಿಥ್ಯದಲ್ಲಿ ಉಳಿದು ಸಫಾರಿಯ ಬಗ್ಗೆ ಬರೆಯುವುದು ಸುಲಭದ ದಾರಿ. ಹಾಗೆ ಬರೆದರೆ ಆತಿಥ್ಯದ ವಿಷಯವನ್ನು ಲೇಖನದಲ್ಲೇ ಹೇಳಬೇಕು.

ಅಪಾಯವಿಲ್ಲವೇ?

ಇದೆ, ಆದರೆ ಹುಲಿಯಿಂದಲ್ಲ. ಕಾಡಂಚಿನಲ್ಲಿ ನಸುಕಿನಲ್ಲಿ ಬೈಕ್ ಓಡಿಸುವಾಗ ಎದುರಾಗುವ ಒಂಟಿ ಸಲಗ, ಉಣ್ಣೆಹುಳು, ದಾಳಿಯಾದ ಊರಿನಲ್ಲಿ ಸಿಟ್ಟಿಗೆದ್ದ ಗುಂಪು ನಿಜವಾದ ಅಪಾಯಗಳು. ಗಣಿ, ಮರಳು, ಅಕ್ರಮ ರೆಸಾರ್ಟ್‌ಗಳ ಬಗ್ಗೆ ಬರೆಯುವವರಿಗೆ ಬೆದರಿಕೆಯೂ ಮಾನನಷ್ಟ ಮೊಕದ್ದಮೆಯೂ ಬರಬಹುದು. ಅರಿವಳಿಕೆ ಕಾರ್ಯಾಚರಣೆ ನಡೆಯುವ ಜಾಗಕ್ಕೆ ಮೈಕ್ ಹಿಡಿದು ನುಗ್ಗುವುದು ವರದಿಗಾರಿಕೆಯಲ್ಲ.

ಅಧಿಕಾರಿಗಳು ಮಾಹಿತಿ ಕೊಡುತ್ತಾರೆಯೇ?

ಕೆಲವರು ಕೊಡುತ್ತಾರೆ. ಕೊಡದಿದ್ದಾಗ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನಗಳ ಗಡುವು. ಪ್ರಶ್ನೆ ಚಿಕ್ಕದಾಗಿ, ನಿರ್ದಿಷ್ಟವಾಗಿರಬೇಕು: ಇಂಥ ವಲಯದಲ್ಲಿ ಇಂಥ ಅವಧಿಯಲ್ಲಿ ಸ್ವೀಕರಿಸಿದ ಬೆಳೆ ಪರಿಹಾರದ ಅರ್ಜಿಗಳೆಷ್ಟು, ಇತ್ಯರ್ಥವಾದವು ಎಷ್ಟು, ತಿರಸ್ಕರಿಸಲು ಕಾರಣವೇನು. ಹುಲಿಯ ಗುಹೆ, ಅಪರೂಪದ ಹಕ್ಕಿಯ ಗೂಡು ಎಲ್ಲಿದೆ ಎಂಬ ಮಾಹಿತಿ ಸಿಕ್ಕರೂ ಪ್ರಕಟಿಸಬಾರದು. ಅದನ್ನು ಓದುವವರಲ್ಲಿ ಬೇಟೆಗಾರರೂ ಇರುತ್ತಾರೆ, ಕ್ಯಾಮೆರಾ ಹಿಡಿದು ಗೂಡಿನ ಮುಂದೆ ಸಾಲುಗಟ್ಟುವವರೂ ಇರುತ್ತಾರೆ.

ಹೊಸಬರು ಎಲ್ಲಿಂದ ಆರಂಭಿಸಬೇಕು?

ಸಫಾರಿಯಿಂದ ಬೇಡ. ಮೈಸೂರಿನಲ್ಲಿರುವವರು ಕುಕ್ಕರಹಳ್ಳಿ ಅಥವಾ ಲಿಂಗಾಂಬುಧಿ ಕೆರೆಯನ್ನು, ಮಂಡ್ಯದವರು ತಮ್ಮೂರಿನ ಕೆರೆಯನ್ನೋ ನಾಲೆಯನ್ನೋ ಆರಿಸಿಕೊಂಡು ಒಂದು ವರ್ಷ ತಪ್ಪದೆ ನೋಡಿ, ದಿನಾಂಕ ಹಾಕಿ ಬರೆದಿಡಲಿ. ಆ ಕೆರೆಗೆ ಒಳಚರಂಡಿ ನೀರು ಎಲ್ಲಿಂದ ಸೇರುತ್ತದೆ, ಮೀನು ಹಿಡಿಯುವ ಗುತ್ತಿಗೆ ಯಾರದು, ವಲಸೆ ಬಾತುಗಳು ಯಾವ ವಾರ ಬಂದವು ಎಂಬುದನ್ನು ತಿಳಿದವನಿಗೆ ಮೊದಲ ಲೇಖನದ ವಸ್ತು ಕೈಯಲ್ಲೇ ಇರುತ್ತದೆ. ಜತೆಗೆ ಕಾಡಂಚಿನ ಒಂದು ಊರನ್ನು ಹಿಡಿದು ಬಿತ್ತನೆಗೆ, ರಾಗಿ ತೆನೆಗೆ, ಕಟಾವಿಗೆ, ಬೇಸಿಗೆಯ ಬೆಂಕಿರೇಖೆ (ಕಾಳ್ಗಿಚ್ಚು ಹರಡದಂತೆ ಮೊದಲೇ ಸುಟ್ಟು ತೆರವು ಮಾಡುವ ಪಟ್ಟಿ) ಸುಡುವ ಕಾಲಕ್ಕೆ ಅದೇ ಮನೆಗಳಿಗೆ ಹೋಗಿ ಬರಲಿ. ಬರೆದದ್ದನ್ನು ಮೊದಲು ಜಿಲ್ಲೆಯ ಪತ್ರಿಕೆಗೆ ಕೊಡುವುದು ಮೇಲು. ಅದನ್ನು ಅದೇ ಊರಿನ ಜನ ಓದುತ್ತಾರೆ. ನಾಲೆಯ ಹೆಸರು ತಪ್ಪಿದ್ದರೂ ಮರುದಿನವೇ ಫೋನ್ ಮಾಡಿ ಹೇಳುತ್ತಾರೆ.